ಇಂಗ್ಲಿಷ್ ಮಾಸ್ತರರ ಹೊಣೆ

ಊರಿನ ಶಾಲೆಯಲ್ಲಿ ಇಂಗ್ಲಿಷ್ ಪಾಠವು ಗಂಟೆ ಬಾರಿಸಿದೊಡನೆ ಮುಗಿಯುತ್ತದೆ. ಸಂಜೆ ಹುಡುಗನು ಮನೆ ಸೇರುತ್ತಾನೆ; ಅಲ್ಲಿ ತಾಯಿಯ ಮಾತು, ನೆರೆಹೊರೆಯವರ ಮಾತು, ಅಜ್ಜಿಯ ಗದರಿಕೆ ಎಲ್ಲವೂ ಅವನಿಗೆ ತಿಳಿಯುವ ನುಡಿಯಲ್ಲಿಯೇ ಕಾದಿರುತ್ತವೆ. ತರಗತಿಯಲ್ಲಿ ಪಟ್ಟ ಅವಮಾನವೇನಾದರೂ ಇದ್ದರೆ ಅಂಗಳದಲ್ಲಿ ಆಡುವಷ್ಟರಲ್ಲಿ ಅದು ಮರೆತುಹೋಗುತ್ತದೆ. ವಸತಿ ಶಾಲೆಯ ಮಗುವಿಗೆ ಈ ಬಿಡುವು ಇಲ್ಲ. ಏಳುವುದು, ಉಣ್ಣುವುದು, ಆಡುವುದು, ಮಲಗುವುದು ಎಲ್ಲವೂ ಶಾಲೆಯ ಆವರಣದೊಳಗೇ. ಆದ್ದರಿಂದ ಅಂಥ ಶಾಲೆಯ ಇಂಗ್ಲಿಷ್ ವಿಭಾಗಕ್ಕೆ ಮುಖ್ಯಸ್ಥರಾದವರು ಒಂದು ವಿಷಯದ ಮೇಲ್ವಿಚಾರಕರು ಮಾತ್ರವಲ್ಲ. ಊಟದ ಮನೆಯಲ್ಲಿ ಯಾವ ನುಡಿ ಕೇಳಿಬರಬೇಕು, ಆಟದ ಬಯಲಿನಲ್ಲಿ ಮಕ್ಕಳು ಯಾವ ನುಡಿಯಲ್ಲಿ ಜಗಳವಾಡಬೇಕು ಎಂಬುದನ್ನು ಗೊತ್ತುಮಾಡುವ ಅಧಿಕಾರವೂ ಬಹುಮಟ್ಟಿಗೆ ಅವರ ಕೈಯಲ್ಲಿರುತ್ತದೆ. ಈ ಅಧಿಕಾರವನ್ನು ಅವರು ಹೇಗೆ ಬಳಸಬೇಕು? ಇದು ಗುರುಗಳ ಚಿಂತೆ, ನಮಗೇಕೆ ಎಂದು ವಿದ್ಯಾರ್ಥಿಗಳಾದ ನೀವು ಕೇಳಬಹುದು. ಆದರೆ ಕಟ್ಟಳೆ ಮಾಡುವವರು ಅವರಾದರೂ ಅದರ ಅಡಿಯಲ್ಲಿ ಬದುಕುವವರು ನೀವೇ ಅಲ್ಲವೇ?

ಕಾರವಾರ, ಅಂಕೋಲಾ ಸೀಮೆಯಲ್ಲಿ ಈ ಪ್ರಶ್ನೆ ಇನ್ನಷ್ಟು ತೊಡಕಿನದು. ಕಾರವಾರದ ಎಷ್ಟೋ ಮನೆಗಳಲ್ಲಿ ಆಡುವ ಮಾತು ಕೊಂಕಣಿ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ ಆಡುವುದು ಕನ್ನಡವೇ ಆದರೂ ಅದರ ಧಾಟಿ ಬೇರೆ, ಶಬ್ದಗಳು ಬೇರೆ. ಪಠ್ಯಪುಸ್ತಕದ ಕನ್ನಡ ಅವರ ಮಕ್ಕಳಿಗೆ ಅರ್ಧ ಪರಿಚಿತ, ಅರ್ಧ ಅಪರಿಚಿತ. 1862ರಿಂದ 1956ರವರೆಗೆ ಈ ಜಿಲ್ಲೆ ಮುಂಬಯಿಯ ಆಡಳಿತಕ್ಕೆ ಸೇರಿದ್ದರಿಂದ ಮರಾಠಿಯ ನಂಟೂ ಉಂಟು. ಕೈಗಾದ ಅಣುವಿದ್ಯುತ್ ಸ್ಥಾವರ, ಅರಗಾದ ನೌಕಾನೆಲೆಗಳು ಬಂದ ಮೇಲೆ ಪೇಟೆಯಲ್ಲಿ ಹಿಂದಿಯೂ ಧಾರಾಳವಾಗಿ ಕೇಳಿಸುತ್ತದೆ. ಹೀಗಿರುವಾಗ ಮಾಜಾಳಿಯ ಮೀನುಗಾರರ ಮಗುವಿಗೆ ಇಂಗ್ಲಿಷ್ ಎರಡನೆಯ ಭಾಷೆಯಲ್ಲ. ಮೂರನೆಯದೋ ನಾಲ್ಕನೆಯದೋ ಆಗುತ್ತದೆ.

ಅಂಥ ಮಗು ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಘಟ್ಟ ಹತ್ತಿ ಮುಂಡಗೋಡಿನ ಜವಾಹರ ನವೋದಯ ವಿದ್ಯಾಲಯಕ್ಕೆ ಹೋಯಿತೆನ್ನಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಹಬ್ಬಿದ ಈ ವಿದ್ಯಾಲಯಗಳಲ್ಲಿ ಗ್ರಾಮೀಣ ಮಕ್ಕಳಿಗೆ ನೂರಕ್ಕೆ 75 ಸ್ಥಾನಗಳು ಮೀಸಲು. ಆರನೆಯ ತರಗತಿಗೆ ಸೇರಿದ ಮಗು ಏಳು ಅಥವಾ ಎಂಟನೆಯ ತರಗತಿಯವರೆಗೆ ಪ್ರಾದೇಶಿಕ ಭಾಷೆಯಲ್ಲಿ ಕಲಿಯಬಹುದು. ಆ ಬಳಿಕ ಗಣಿತ ಮತ್ತು ವಿಜ್ಞಾನಗಳು ಇಂಗ್ಲಿಷಿನಲ್ಲಿ, ಸಮಾಜ ವಿಜ್ಞಾನ ಹಿಂದಿಯಲ್ಲಿ ಎಂಬುದು ಅಲ್ಲಿನ ಕ್ರಮ. ಅಂದರೆ ಸುಮಾರು ನಿಮ್ಮ ವಯಸ್ಸಿಗೆ ಬಂದಾಗ ಆ ಮಗುವಿನ ಕಲಿಕೆಯೆಲ್ಲ ಒಂದು ನುಡಿಯಿಂದ ಮತ್ತೊಂದಕ್ಕೆ ದಾಟಬೇಕು. ಇಂಗ್ಲಿಷ್ ಮಾಸ್ತರರು ಕೆಳಗಿನ ತರಗತಿಗಳಲ್ಲಿ ತಮ್ಮ ಕೆಲಸವನ್ನು ಸರಿಯಾಗಿ ಮಾಡದಿದ್ದರೆ ಕೆಡುವುದು ಇಂಗ್ಲಿಷ್ ಒಂದೇ ಅಲ್ಲ. ಬೀಜಗಣಿತವೂ ಕೆಡುತ್ತದೆ, ಬೆಳಕಿನ ವಕ್ರೀಭವನವೂ ಕೆಡುತ್ತದೆ. ಜಾಣ ಮಗುವೊಂದು ತಾನು ದಡ್ಡನೆಂದು ನಂಬುವುದು ಇಂಥ ಸಂದರ್ಭದಲ್ಲಿಯೇ.

ಇದನ್ನು ತಪ್ಪಿಸಲು ಅನೇಕ ಶಾಲೆಗಳು ಹಿಡಿದಿರುವ ಸುಲಭದ ದಾರಿಯೊಂದಿದೆ. ಆವರಣದೊಳಗೆ ಇಂಗ್ಲಿಷನ್ನೇ ಆಡಬೇಕು. ಮನೆಮಾತು ಬಾಯಿಗೆ ಬಂದರೆ ದಂಡ. ಇದು ಹೊಸ ಉಪಾಯವೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ಒಂದು ಭಾಗವೇ ಆದ ವೇಲ್ಸ್ ನಾಡಿನ ಹಲವು ಶಾಲೆಗಳಲ್ಲಿ ವೇಲ್ಸ್ ಭಾಷೆಯನ್ನಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ತೂಗುಹಾಕುತ್ತಿದ್ದರು. ಆ ಮಗು ಮನೆಮಾತನಾಡಿದ ಇನ್ನೊಬ್ಬನನ್ನು ಹಿಡಿದುಕೊಟ್ಟರೆ ತುಂಡು ಅವನ ಕೊರಳಿಗೆ ಹೋಗುತ್ತಿತ್ತು. ಕೀನ್ಯಾ ದೇಶದ ಲೇಖಕ ಗೂಗಿ ವಾ ಥಿಯಾಂಗೊ ತಮ್ಮ ಬಾಲ್ಯದ ಶಾಲೆಯಲ್ಲಿಯೂ ಇಂಥದೇ ಕ್ರಮವಿದ್ದುದನ್ನು ಬರೆದಿದ್ದಾರೆ. ಈ ಕಟ್ಟಳೆಯಿಂದ ಮಕ್ಕಳು ಏನನ್ನು ಕಲಿಯುತ್ತಾರೆ? ಮೊದಲು ಚಾಡಿ ಹೇಳುವುದನ್ನು ಕಲಿಯುತ್ತಾರೆ. ಆಮೇಲೆ ಬಾಯಿ ಮುಚ್ಚಿಕೊಂಡಿರುವುದನ್ನು. ಹತ್ತೇ ಇಂಗ್ಲಿಷ್ ವಾಕ್ಯಗಳನ್ನು ಬಲ್ಲ ಮಗುವಿಗೆ ಹೊಟ್ಟೆನೋವು ಬಂದರೆ ಆ ಹತ್ತರಲ್ಲಿ ಹೊಟ್ಟೆನೋವಿನ ವಾಕ್ಯ ಇರಲಿಕ್ಕಿಲ್ಲ. ಅದು ಸುಮ್ಮನೆ ಮಲಗುತ್ತದೆ. ಮೌನವನ್ನು ಶಿಸ್ತೆಂದು ಎಣಿಸುವ ಶಾಲೆಗೆ ಇದು ಕಾಣುವುದೂ ಇಲ್ಲ.

ದಂಡದ ಪರವಾಗಿ ವಾದಿಸುವವರ ಮಾತನ್ನು ತಳ್ಳಿಹಾಕುವಂತಿಲ್ಲ. ನೀರಿಗೆ ಇಳಿಯದೆ ಈಜು ಬಾರದು ಎನ್ನುತ್ತಾರೆ ಅವರು. ಇಂಗ್ಲಿಷ್ ಬಾರದೆ ಮಗನು ಕೆಲಸ ಸಿಗದೆ ಅಲೆಯಬಾರದು ಎಂಬ ತಂದೆತಾಯಿಗಳ ಕಳವಳವೂ ನಿಜವಾದದ್ದೇ. ಸ್ವತಃ ಓದಲು ಅವಕಾಶ ಸಿಗದವರ ಈ ಆಸೆಯನ್ನು ಹಳಿಯುವುದು ಕ್ರೌರ್ಯವಾದೀತು. ಆದರೆ ಈಜು ಕಲಿಸುವವರು ಯಾರೂ ಆಷಾಢದ ಕಡಲಿಗೆ ಮಗುವನ್ನು ನೂಕುವುದಿಲ್ಲ. ಮೊದಲು ಸೊಂಟಮಟ್ಟದ ನೀರು, ಬೆನ್ನ ಕೆಳಗೊಂದು ಕೈ. ಇಂಗ್ಲಿಷ್ ಕಲಿಯುವ ಮಗುವಿಗೆ ಆ ಕೈ ಯಾವುದು? ಅದರ ಮನೆಮಾತೇ ಎಂದು ನನ್ನ ದೃಢವಾದ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಕಾರವಾರದ ಕಡಲತೀರದಲ್ಲಿ ನಡೆದಾಡಿದ ಮಹನೀಯರೊಬ್ಬರ ಬೆಂಬಲವಿದೆ. ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಮೊದಲ ವರ್ಷಗಳಲ್ಲಿ, ಇಪ್ಪತ್ತೆರಡರ ಆಸುಪಾಸಿನ ತರುಣ ರವೀಂದ್ರರು ಅಣ್ಣನ ಬಳಿಗೆ ಬಂದು ಇಲ್ಲಿ ತಂಗಿದರು. ಕಾಳಿ ನದಿಯಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ವಿಹರಿಸಿದರು. ಅದಕ್ಕೆ ಕೆಲವೇ ವರ್ಷ ಮೊದಲು ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಪಾಠಗಳನ್ನು ಕೇಳಿ, ಪದವಿ ಪಡೆಯದೆ ಹಿಂದಿರುಗಿದ್ದರು. ಕಾರವಾರದಲ್ಲಿ ಅವರು ಬರೆದ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬಂಗಾಳಿಯದು.

ರವೀಂದ್ರರು ಬಾಲ್ಯದಲ್ಲಿ ಇಂಗ್ಲಿಷನ್ನು ಪ್ರೀತಿಸಿದವರಲ್ಲ. ಸಂಜೆ ಮನೆಗೆ ಬಂದು ಇಂಗ್ಲಿಷ್ ಕಲಿಸುತ್ತಿದ್ದ ಗುರುಗಳೊಬ್ಬರ ವಿಚಾರವನ್ನು ತಮ್ಮ ‘ಜೀವನ ಸ್ಮೃತಿ’ಯಲ್ಲಿ ಅವರು ರಸವತ್ತಾಗಿ ಹೇಳಿದ್ದಾರೆ. ಬೀದಿಯೆಲ್ಲ ನೀರಾಗುವಂತೆ ಮಳೆ ಸುರಿದ ದಿನ, ಇಂದು ಗುರುಗಳು ಬರಲಾರರು ಎಂದು ಹುಡುಗನು ಹಿಗ್ಗುತ್ತಿರುವಾಗಲೇ ಬೀದಿಯ ತಿರುವಿನಲ್ಲಿ ಅವರ ಕರಿಯ ಕೊಡೆ ಕಾಣಿಸಿಕೊಳ್ಳುತ್ತಿತ್ತಂತೆ! ಕಾರವಾರದ ಮಳೆಯನ್ನು ಬಲ್ಲ ಹುಡುಗರಿಗೆ ಈ ನಿರಾಶೆಯನ್ನು ವಿವರಿಸಬೇಕಾಗಿಲ್ಲ. ಅದೇ ಪುಸ್ತಕದಲ್ಲಿ ರವೀಂದ್ರರು ತಮ್ಮ ಮೂರನೆಯ ಅಣ್ಣ ಹೇಮೇಂದ್ರನಾಥರನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ಸುತ್ತಲಿನವರೆಲ್ಲ ಇಂಗ್ಲಿಷ್ ಇಂಗ್ಲಿಷ್ ಎನ್ನುತ್ತಿದ್ದ ಕಾಲದಲ್ಲಿ ಮೊದಲು ಬಹುಕಾಲ ಬಂಗಾಳಿಯಲ್ಲಿಯೇ ಕಲಿಸುವ ಧೈರ್ಯ ತೋರಿದವರು ಆ ಅಣ್ಣ. ಹಾಗೆ ಕಲಿತವರೇ 1912ರಲ್ಲಿ ಇಂಗ್ಲಿಷ್ ‘ಗೀತಾಂಜಲಿ’ಯನ್ನು ಪ್ರಕಟಿಸಿ, ಮರುವರ್ಷ ನೊಬೆಲ್ ಪಾರಿತೋಷಕವನ್ನು ಪಡೆದರು.

ಅವರು 1901ರಲ್ಲಿ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಮಕ್ಕಳೊಡನೆ ತೆರೆದದ್ದು ವಸತಿ ಶಾಲೆಯೇ. ಅಲ್ಲಿ ಪಾಠದ ಮಾಧ್ಯಮ ಬಂಗಾಳಿ. ಹಾಗೆಂದು ಇಂಗ್ಲಿಷನ್ನು ಕಡೆಗಣಿಸಲಿಲ್ಲ. ಕವಿಗಳೇ ಇಂಗ್ಲಿಷ್ ಪಾಠ ಹೇಳಿದರು, ಮಕ್ಕಳಿಗಾಗಿ ‘ಇಂಗ್ರೇಜಿ ಸೋಪಾನ್’, ‘ಇಂಗ್ರೇಜಿ ಶ್ರುತಿಶಿಕ್ಷಾ’ ಎಂಬ ಪುಸ್ತಕಗಳನ್ನು ತಾವೇ ರಚಿಸಿದರು. ಶ್ರುತಿಶಿಕ್ಷಾ ಎಂಬ ಹೆಸರನ್ನು ಗಮನಿಸಿ. ಮೊದಲು ಕಿವಿ, ಆಮೇಲೆ ನಾಲಗೆ, ಕಣ್ಣು ಮತ್ತು ಕೈಗಳ ಸರದಿ ಅನಂತರ. ಜಗತ್ತಿನ ಮಹಾಕವಿಗಳಲ್ಲೊಬ್ಬರು ಎಳೆಯರ ಭಾಷಾಬೋಧಿನಿಯನ್ನು ಬರೆಯಲು ಕುಳಿತದ್ದು ಸಣ್ಣ ಸಂಗತಿಯಲ್ಲ. ಇಂಗ್ಲೆಂಡಿನಿಂದ ಬಂದು ಅಲ್ಲಿ ಅಧ್ಯಾಪಕರಾದ ಪಿಯರ್ಸನ್ನರು ಮಕ್ಕಳ ಭಾಷೆಯಾದ ಬಂಗಾಳಿಯನ್ನು ಕಲಿತರು. ರವೀಂದ್ರರ ‘ಗೋರಾ’ ಕಾದಂಬರಿಯನ್ನು ಇಂಗ್ಲಿಷಿಗೆ ತಂದವರು ಅವರೇ. ಕಡಲು ದಾಟಿ ಬಂದ ಆಂಗ್ಲರು ಮಕ್ಕಳ ನುಡಿಯನ್ನು ಕಲಿಯಬಹುದಾದರೆ, ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಇಂಗ್ಲಿಷ್ ಮಾಸ್ತರರೋ ಅಕ್ಕೋರೋ ನಾಲ್ಕು ಮಾತು ಕೊಂಕಣಿ ಕಲಿಯುವುದು ಹೆಚ್ಚಿನ ಕಷ್ಟವೇನಲ್ಲ.

ಇನ್ನು ವಿಭಾಗದ ಒಳಗಿನ ವ್ಯವಸ್ಥೆ. ಹತ್ತನೆಯ ತರಗತಿಯ ಫಲಿತಾಂಶ ಪತ್ರಿಕೆಗಳಲ್ಲಿ ಬರುತ್ತದೆ. ಆರನೆಯದರದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ನುರಿತ ಶಿಕ್ಷಕರು ಮೇಲಿನ ತರಗತಿಗಳಿಗೆ, ಹೊಸಬರು ಕೆಳಗಿನವಕ್ಕೆ ಎಂಬುದು ರೂಢಿ. ಅಡಿಪಾಯವನ್ನು ಹೊಸಬನಿಂದ ಹಾಕಿಸಿ ಮಾಡು ಹೊದಿಸಲು ಮೇಸ್ತ್ರಿಯನ್ನು ಕರೆದಂತಾಯಿತು. ಮುಖ್ಯಸ್ಥರು ಆರನೆಯ ತರಗತಿಯನ್ನು ತಾವೇ ಇಟ್ಟುಕೊಳ್ಳಬೇಕು. ಪ್ರಶ್ನೋತ್ತರಗಳನ್ನು ಬರೆಸಿ ಬಾಯಿಪಾಠ ಮಾಡಿಸುವ ಪದ್ಧತಿಯನ್ನು ನಿಲ್ಲಿಸಬೇಕು. ಸಂಜೆಯ ಅಭ್ಯಾಸದ ಹೊತ್ತಿನಲ್ಲಿ ಅರ್ಧ ತಾಸು ಗಟ್ಟಿಯಾಗಿ ಕಥೆ ಓದಿ ಕೇಳಿಸಬೇಕು. ಅದಕ್ಕೆ ಪರೀಕ್ಷೆಯೂ ಬೇಡ, ಅಂಕವೂ ಬೇಡ. ಇದು ವಸತಿ ಶಾಲೆಗೆ ಮಾತ್ರ ದೊರೆಯುವ ಅನುಕೂಲ.

ಬರವಣಿಗೆಗೆ ಕೊಡುವ ವಿಷಯಗಳಂತೂ ತೀರ ಬದಲಾಗಬೇಕು. ಹಿಮ ಬೀಳುವುದನ್ನು ಎಂದೂ ನೋಡದ ಬೇಲೇಕೇರಿಯ ಹುಡುಗಿ ಹಿಮದ ಮೇಲೆ ಏಕೆ ಪ್ರಬಂಧ ಬರೆಯಬೇಕು? ಹಿಂದೆ ಈ ತೀರದಲ್ಲಿ ರಂಪಣಿ ಬಲೆಯನ್ನು ದೋಣಿಯಿಂದ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಗಳನ್ನು ಹತ್ತಾರು ಜನ ದಡದಿಂದ ಹೇಗೆ ಎಳೆಯುತ್ತಿದ್ದರೆಂಬುದನ್ನು ಅಜ್ಜನಿಂದ ಕೇಳಿ ಅವಳು ಇಂಗ್ಲಿಷಿನಲ್ಲಿ ಬರೆಯಲಿ. ನೂರಾರು ಬಗೆಯ ಗಿಡಮರಗಳನ್ನೂ ಅವುಗಳ ಬೀಜಗಳನ್ನೂ ಬಲ್ಲ, ಶಾಲೆಯ ಮೆಟ್ಟಿಲು ಹತ್ತದ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿದಾಗ ದೇಶದ ಇಂಗ್ಲಿಷ್ ಪತ್ರಿಕೆಗಳೆಲ್ಲ ಬರೆದವು. 2024ರಲ್ಲಿ ಅವರು ತೀರಿಕೊಂಡಾಗಲೂ ಬರೆದವು. ಬರೆದವರಲ್ಲಿ ಹಾಲಕ್ಕಿಗಳ ಮಾತು ನೇರವಾಗಿ ತಿಳಿಯುವವರು ಎಷ್ಟು ಮಂದಿ ಇದ್ದಾರು? ಆ ಕೇರಿಯ ಮಗುವೊಂದು ಎರಡೂ ನುಡಿಗಳನ್ನು ಉಳಿಸಿಕೊಂಡು ಬೆಳೆದರೆ ಅದು ಬರೆಯುವ ಇಂಗ್ಲಿಷನ್ನು ಬೇರೆ ಯಾರೂ ಬರೆಯಲಾರರು.

ಎರಡನ್ನೂ ಉಳಿಸಿಕೊಂಡವರ ನಿದರ್ಶನ ಅಂಕೋಲೆಯಲ್ಲಿಯೇ ಇದೆ. 1909ರಲ್ಲಿ ಈ ತಾಲೂಕಿನಲ್ಲಿ ಹುಟ್ಟಿದ ದಿನಕರ ದೇಸಾಯಿಯವರು ಭಾರತದ ಪ್ರಾಥಮಿಕ ಶಿಕ್ಷಣವನ್ನೂ ಹಡಗು ಕಾರ್ಮಿಕರ ಸ್ಥಿತಿಗತಿಯನ್ನೂ ಕುರಿತು ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದರು. ಅವು ಸರ್ಕಾರವೂ ವಿದ್ವಾಂಸರೂ ಓದಬೇಕಾದ ಪುಸ್ತಕಗಳು. ರೈತರಿಗೂ ಮಕ್ಕಳಿಗೂ ಹೇಳಬೇಕಾದುದನ್ನು ಅವರು ಕನ್ನಡದ ನಾಲ್ಕು ಸಾಲಿನ ಚುಟುಕಗಳಲ್ಲಿ ಹೇಳಿದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದರು. 1966ರಲ್ಲಿ ಅಂಕೋಲೆಗೆ ಗೋಖಲೆ ಶತಾಬ್ದಿ ಕಾಲೇಜು ಬಂದಿತು. ಯಾವ ಮಾತನ್ನು ಯಾರಿಗೆ ಯಾವ ನುಡಿಯಲ್ಲಿ ಹೇಳಬೇಕೆಂಬ ವಿವೇಕ ಅವರಿಗಿತ್ತು. ಇಂಗ್ಲಿಷ್ ವಿಭಾಗ ಬೆಳೆಸಬೇಕಾದದ್ದು ಈ ವಿವೇಕವನ್ನೇ.

ಹಿಂದೆ ವಸತಿ ಶಾಲೆಯ ಮಕ್ಕಳು ಮನೆಗೆ ಕಾಗದ ಬರೆಯುತ್ತಿದ್ದರು. ಈಗ ಸರದಿಯ ಪ್ರಕಾರ ದೂರವಾಣಿಯಲ್ಲಿ ಮಾತನಾಡುತ್ತಾರೆ. ಆ ಕೆಲವು ನಿಮಿಷಗಳನ್ನು ಇಂಗ್ಲಿಷ್ ಪಾಠಕ್ಕೆ ಜೋಡಿಸಬಹುದು. ಸುಂಗಟವನ್ನು ಹೇಗೆ ಒಣಗಿಸುತ್ತಾರೆ, ಕರಿ ಈಶಾಡು ಮಾವನ್ನು ಹೇಗೆ ಹಣ್ಣು ಮಾಡುತ್ತಾರೆ ಎಂದು ಮಗು ತಾಯಿಯನ್ನು ಮನೆಮಾತಿನಲ್ಲಿ ಕೇಳಲಿ. ಕೇಳಿದ್ದನ್ನು ಸೋಮವಾರ ಇಂಗ್ಲಿಷಿನಲ್ಲಿ ಬರೆದು ತರಲಿ. ಶಬ್ದ ಸಿಗದಿದ್ದಲ್ಲಿ ಮನೆಯ ಶಬ್ದವನ್ನೇ ಇಡಲಿ. 1638ರಲ್ಲಿ ಆಂಗ್ಲ ವರ್ತಕರು ಮೆಣಸನ್ನರಸಿ ಕಾರವಾರದಲ್ಲಿ ಕೋಠಿ ತೆರೆದ ಕಾಲದಿಂದ ಅವರ ಭಾಷೆ ಇಂಥ ಶಬ್ದಗಳನ್ನು ಸೇರಿಸಿಕೊಳ್ಳುತ್ತಲೇ ಬಂದಿದೆ. ಮ್ಯಾಂಗೋ, ಟೀಕ್, ಕಾಯರ್ ಎಂಬವು ದಕ್ಷಿಣದ ದ್ರಾವಿಡ ನುಡಿಗಳಿಂದ ಹೋದವು, ಅರೀಕಾ ಎಂಬುದು ನಮ್ಮ ಅಡಿಕೆಯ ಬಂಧು. ಮಾಸ್ತರರು ಆ ಬರಹವನ್ನು ಕೈಗೆತ್ತಿಕೊಂಡಾಗ ಕೆಂಪು ಲೇಖನಿಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಮೊದಲು ಒಮ್ಮೆ ಸುಮ್ಮನೆ ಓದಲಿ. ಸುಂಗಟ ಒಣಗಿಸುವ ಕ್ರಮ ಅವರಿಗೂ ಗೊತ್ತಿರಲಿಕ್ಕಿಲ್ಲ.