ನಲ್ಲಿಯ ನೀರಿಗೆ ಹೊಣೆ ಯಾರು?

ಹೊರಮಾವಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಅಡುಗೆಮನೆಗೆ ಬರುವ ಒಂದು ಲೋಟ ನೀರು ಎಷ್ಟು ಕೈ ದಾಟಿ ಬರುತ್ತದೆ ಎಂಬುದನ್ನು ಗಮನಿಸಿ. ಕಾವೇರಿ ನೀರಾದರೆ ಅದನ್ನು ಶುದ್ಧೀಕರಿಸಿ ಕಳುಹಿಸುವುದು ಜಲಮಂಡಳಿ. ಗುತ್ತಿಗೆದಾರರು ಹೂಳಿದ ಕೊಳವೆಯಲ್ಲಿ ಹರಿದು ಅದು ಕಟ್ಟಡದ ಸಂಪಿಗೆ ಬೀಳುತ್ತದೆ. ಸಾಲದ ದಿನ ಕೊಳವೆಬಾವಿಯ ನೀರು, ಅದೂ ಸಾಲದಿದ್ದರೆ ಖಾಸಗಿ ಟ್ಯಾಂಕರಿನ ನೀರು ಅದೇ ಸಂಪಿಗೆ ಸೇರುತ್ತದೆ. ಸಂಪನ್ನು ತೊಳೆಸಬೇಕಾದವರು ಮತ್ತೊಬ್ಬರು. ಮನೆಯ ಮಗುವಿಗೆ ವಾಂತಿ-ಭೇದಿ ಶುರುವಾದರೆ ಈ ಸಾಲಿನಲ್ಲಿ ಉತ್ತರ ಹೇಳಬೇಕಾದವರು ಯಾರು? ಪ್ರತಿಯೊಬ್ಬರಿಗೂ ಪಕ್ಕದವರತ್ತ ಬೆರಳು ತೋರಿಸುವುದು ಸುಲಭ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿಕೊಂಡು ಬೆಂಗಳೂರು ಹಿಗ್ಗಿತು. ಹೊರಮಾವು ಅಂಥ ಹೊರವಲಯದ ಬಡಾವಣೆ. ಹೊರವಲಯಕ್ಕೆಂದೇ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಇಂಥ ಕಾಮಗಾರಿಗಳ ಮಾತು ಬಂದಾಗಲೆಲ್ಲ ಸರ್ಕಾರವೇ ನಡೆಸಬೇಕೆ, ಖಾಸಗಿಯವರಿಗೆ ವಹಿಸಬೇಕೆ ಎಂಬ ವಾದ ಏಳುತ್ತದೆ. ಆರೋಗ್ಯದ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯಿದೆ. ಇಬ್ಬರೂ ಸೇರಿ ಕೆಲಸ ಮಾಡುವಾಗ, ನಲ್ಲಿಯಲ್ಲಿ ಬರುವ ರೋಗಾಣುವಿನ ಲೆಕ್ಕ ಯಾರ ಪುಸ್ತಕದಲ್ಲಿದೆ?

ಇದಕ್ಕೆ ನಮ್ಮ ನಾಡಿನಲ್ಲೇ ಒಂದು ಪಾಠವಿದೆ. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಯೋಜನೆ ಜಾರಿಗೆ ಬಂತು. ಕೊಳವೆಜಾಲದ ಒಡೆತನ ಸಾರ್ವಜನಿಕರದ್ದಾಗಿಯೇ ಉಳಿಯಿತು. ದರ ನಿಗದಿಯೂ ಸರ್ಕಾರದ ಕಡೆಯೇ ಇತ್ತು. ನಿರ್ವಹಣೆ ಮಾತ್ರ ಫ್ರಾನ್ಸಿನ ವಿಯೋಲಿಯಾ ಸಂಸ್ಥೆಯ ಪಾಲಿಗೆ ಬಂತು. ಆ ಸಂಸ್ಥೆಗೆ ಸಲ್ಲುವ ಶುಲ್ಕದ ಒಂದು ಭಾಗವನ್ನು ಗುರಿಸಾಧನೆಗೆ ಕಟ್ಟಿಹಾಕಲಾಗಿತ್ತು.

ಫಲವೇನಾಯಿತು? ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡದಲ್ಲಿ ಅಧ್ಯಯನ ನಡೆಸಿ, 2013ರಲ್ಲಿ ನೀರಿನ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಕೆಲವು ದಿನಕ್ಕೊಮ್ಮೆ ನೀರು ಬರುವ ಕಡೆ ನಲ್ಲಿಯ ಮಾದರಿಗಳಲ್ಲಿ ಶೇ 31.7ರಲ್ಲಿ ಮಲಮೂಲದ ಇ-ಕೊಲೈ ರೋಗಾಣು ಸಿಕ್ಕಿತು. ಸದಾ ನೀರಿರುವ ಕಡೆ ಅದು ಕೇವಲ ಶೇ 0.7. ಕಾರಣ ಸರಳ. ಕೊಳವೆ ಖಾಲಿಯಾದಾಗ ಒಳಗಿನ ಒತ್ತಡ ಇಳಿಯುತ್ತದೆ. ಸಣ್ಣ ಬಿರುಕು ಸಿಕ್ಕರೂ ಸುತ್ತಲಿನ ಚರಂಡಿಯ ಹೊಲಸು ಒಳಕ್ಕೆ ನುಗ್ಗುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 3,922 ಮನೆಗಳನ್ನು ಗಮನಿಸಿದ ಮತ್ತೊಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸದಾ ನೀರು ಬರುವ ವಾರ್ಡುಗಳಲ್ಲಿ ಟೈಫಾಯಿಡ್ ಬಂದಿತ್ತೆಂದು ಹೇಳಿದ ಮನೆಗಳು ಶೇ 42ರಷ್ಟು ಕಡಿಮೆ. ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿ ಶೇ 37ರಷ್ಟು ಕಡಿಮೆ. ಆದರೆ ಐದು ವರ್ಷದೊಳಗಿನ ಮಕ್ಕಳ ಒಟ್ಟಾರೆ ಅತಿಸಾರದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅತಿಸಾರಕ್ಕೆ ಕೊಳವೆಯ ನೀರೊಂದೇ ದಾರಿಯಲ್ಲ. ಮುಚ್ಚಳವಿಲ್ಲದ ಕೊಡ, ತೊಳೆಯದ ಕೈ, ಬೀದಿಯ ಹೊಲಸು ಎಲ್ಲವೂ ದಾರಿಗಳೇ. ಒಪ್ಪಂದದ ಗಡಿ ಮುಗಿಯುವಲ್ಲಿ ರೋಗದ ಗಡಿ ಮುಗಿಯುವುದಿಲ್ಲ.

ಕೊಳವೆ ಸೋರುವುದು ಸಾಮಾನ್ಯವಾಗಿ ಜೋಡಣೆಯಲ್ಲಿ. ಪಾಲುದಾರಿಕೆಯೂ ಹಾಗೆಯೇ. ಒಬ್ಬರ ಹೊಣೆ ಮುಗಿದು ಇನ್ನೊಬ್ಬರದು ಶುರುವಾಗುವ ಜಾಗವೇ ಅಪಾಯದ ಜಾಗ. ಆದ್ದರಿಂದ ಸರ್ಕಾರ ಮತ್ತು ಖಾಸಗಿಯವರ ನಡುವಿನ ಪ್ರತಿ ನೀರಿನ ಒಪ್ಪಂದದಲ್ಲೂ ನಾಲ್ಕು ಮಾತು ಇರಲೇಬೇಕೆಂಬುದು ನನ್ನ ಅಭಿಪ್ರಾಯ. ಒಂದು, ಹಣಸಂದಾಯ ಹೂಳಿದ ಕೊಳವೆಯ ಉದ್ದಕ್ಕಷ್ಟೇ ಅಲ್ಲ, ನಲ್ಲಿಯಲ್ಲಿ ಬಂದ ನೀರಿನ ಗುಣಕ್ಕೂ ತಳಕು ಹಾಕಿರಬೇಕು. ಎರಡು, ಆ ಗುಣವನ್ನು ಅಳೆಯುವವರು ಇಬ್ಬರಿಗೂ ಸೇರದ ಮೂರನೆಯವರಾಗಿರಬೇಕು. ಮೂರು, ಫಲಿತಾಂಶ ಕಚೇರಿಯ ಕಡತದಲ್ಲಿ ಕೂರದೆ ಬಡಾವಣೆಯ ಸೂಚನಾಫಲಕಕ್ಕೆ ಬರಬೇಕು. ನಾಲ್ಕು, ದೂರು ಕೊಡಲು ಒಂದೇ ಬಾಗಿಲಿರಬೇಕು. ಯಾರ ತಪ್ಪೆಂಬುದನ್ನು ಒಳಗಿನವರು ತೀರ್ಮಾನಿಸಿಕೊಳ್ಳಲಿ.

2024ರ ಮಾರ್ಚ್‌ನಲ್ಲಿ ನೀರಿನ ಬವಣೆ ಕಾಡಿದಾಗ ಜಿಲ್ಲಾಡಳಿತ ಖಾಸಗಿ ಟ್ಯಾಂಕರುಗಳಿಗೆ ದರ ಗೊತ್ತುಮಾಡಿತು: ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ. ಜೇಬಿಗೆ ಅದು ಒಳ್ಳೆಯದೇ. ಆದರೆ ಕರುಳಿಗೆ ಬೇಕಾದುದು ದರದ ಚೀಟಿಯ ಜೊತೆಗೆ ನೀರಿನ ಪರೀಕ್ಷೆಯ ಚೀಟಿ.

ಈ ಸರಪಳಿಯ ಕೊನೆಯ ಕೊಂಡಿ ನಮ್ಮ ಮನೆ ಎಂಬುದನ್ನೂ ಮರೆಯಬಾರದು. ನಿವಾಸಿಗಳ ಸಂಘದ ಮುಂದಿನ ಸಭೆಯಲ್ಲಿ ವಾಹನ ನಿಲುಗಡೆಯ ಜಗಳಕ್ಕೆ ಮೊದಲು ಈ ಪ್ರಶ್ನೆ ಕೇಳಿ: ಸಂಪು ತೊಳೆದು ಎಷ್ಟು ದಿನವಾಯಿತು? ನೀರು ಪರೀಕ್ಷೆ ಮಾಡಿಸಿ ಎಷ್ಟು ತಿಂಗಳಾಯಿತು? ಭಾರತೀಯ ಮಾನಕದ ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಒಂದು ಇ-ಕೊಲೈ ಕೂಡ ಕಾಣಬಾರದು. ಕ್ಲೋರಿನ್ ಹಾಕಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಅನುಮಾನವಿದ್ದರೆ ನೀರು ಚೆನ್ನಾಗಿ ಕುದಿ ಬಂದ ಮೇಲೂ ಒಂದು ನಿಮಿಷ ಒಲೆಯ ಮೇಲಿಡಿ. ಆರಿದ ನೀರನ್ನು ಮುಚ್ಚಿಡಿ, ಕೈ ಅದ್ದದೆ ಹಿಡಿಯಿರುವ ಸೌಟಿನಿಂದ ತೆಗೆಯಿರಿ. ಮಗುವಿಗೆ ಭೇದಿಯಾದರೆ ಓ.ಆರ್.ಎಸ್. ದ್ರಾವಣ ಕೊಡಲು ತಡಮಾಡಬೇಡಿ. ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗಿ.

ಮನೆಯಲ್ಲಿ ನೀರು ಕುದಿಸುವ ಜವಾಬ್ದಾರಿ ನಮ್ಮದು, ನಿಜ. ಹಾಗೆಂದು ಕೊಳವೆಯನ್ನು ಶುದ್ಧವಾಗಿಡುವ ಜವಾಬ್ದಾರಿಯನ್ನು ಸರ್ಕಾರವಾಗಲಿ, ಅದರ ಪಾಲುದಾರರಾಗಲಿ ನಮ್ಮ ಒಲೆಯ ಮೇಲೆ ಹೊರಿಸುವಂತಿಲ್ಲ.