ರುರಿಟನ್: ರೈತನೂ ವರ್ತಕನೂ ಒಂದೇ ಪಂಕ್ತಿಯಲ್ಲಿ
1905ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ರೋಟರಿಯಂಥ ಸೇವಾಸಂಸ್ಥೆಗಳು ವ್ಯಾಪಾರಿ, ವಕೀಲ, ವೈದ್ಯರ ಪೇಟೆಬದುಕಿಗೆ ಒಪ್ಪುವಂತೆ ರೂಪುಗೊಂಡಿದ್ದರಿಂದ, ಒಕ್ಕಲುತನವೇ ಮುಖ್ಯವಾದ ಊರುಗಳಿಗೆ ಆ ಅಚ್ಚು ಸುಲಭವಾಗಿ ಹೊಂದುವಂತಿರಲಿಲ್ಲ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ, ಕಡಲೆಕಾಯಿ ಬೆಳೆಗೆ ಹೆಸರಾದ ಸೀಮೆಯ ಹಾಲಂಡ್ ಎಂಬ ಸಣ್ಣ ಊರಿನಲ್ಲಿ 1928ರ ಮೇ 21ರಂದು ಆರಂಭವಾದ ರುರಿಟನ್ ಕ್ಲಬ್ಬು, ರೈತರನ್ನೂ ಊರಿನ ವರ್ತಕರನ್ನೂ ಒಟ್ಟಿಗೆ ಕೂರಿಸಿ ಊರಿನ ಕೊರತೆಗಳನ್ನು ಚರ್ಚಿಸುವ ಏರ್ಪಾಡಾಗಿ ಈ ತೆರವನ್ನು ತುಂಬಿತು. ಟಾಮ್ ಡೌನಿಂಗ್ ಮತ್ತು ಜ್ಯಾಕ್ ಗ್ವಾಲ್ಟ್ನಿ ಇದರ ಸ್ಥಾಪಕರು. ಹೆಸರನ್ನು ಸೂಚಿಸಿದವರು ಡೇಸಿ ನರ್ನಿ ಎಂಬ ಪತ್ರಕರ್ತೆ. ಲ್ಯಾಟಿನ್ನಿನ ‘ರುರಿ’ ಎಂದರೆ ಹಳ್ಳಿಗಾಡು, ‘ಟನ್’ ಎಂದರೆ ಸಣ್ಣ ಪಟ್ಟಣ ಎಂಬುದು ಸಂಸ್ಥೆಯೇ ಕೊಡುವ ನಿರುಕ್ತ. ಎರಡನೆಯ ತುಂಡನ್ನು ವೈಯಾಕರಣರು ಒಪ್ಪುವುದು ಅನುಮಾನವೇ. ಮಹಿಳೆಯೊಬ್ಬರು ಹೆಸರಿಟ್ಟ ಕ್ಲಬ್ಬು ದಶಕಗಳ ಕಾಲ ಗಂಡಸರದ್ದಾಗಿಯೇ ಉಳಿದದ್ದೂ ವಿಚಿತ್ರ. ದೇಶಕ್ಕೆಲ್ಲ ಒಂದೇ ಕಾರ್ಯಕ್ರಮವನ್ನು ಹೇರದೆ, ಪ್ರತಿ ಶಾಖೆಯೂ ತನ್ನ ಊರಿನ ಅಗತ್ಯವನ್ನು ತಾನೇ ಸಮೀಕ್ಷಿಸಿ ಅಗ್ನಿಶಾಮಕ ಪಡೆಗೋ, ಆಟದ ಬಯಲಿಗೋ, ವಿದ್ಯಾರ್ಥಿವೇತನಕ್ಕೋ ದುಡ್ಡು ಕೂಡಿಸುವ ಪದ್ಧತಿಯೇ ಇದರ ನಿಜವಾದ ವೈಶಿಷ್ಟ್ಯ. ಹಾಲಂಡ್ ಇಂದು ಸಫಕ್ ನಗರದ ಆಡಳಿತವ್ಯಾಪ್ತಿಗೆ ಸೇರಿಹೋಗಿದ್ದು, ಸಂಸ್ಥೆಯ ಕೇಂದ್ರ ಕಚೇರಿ ಅದೇ ರಾಜ್ಯದ ಡಬ್ಲಿನ್ ಎಂಬ ಇನ್ನೊಂದು ಸಣ್ಣ ಊರಿನಲ್ಲಿದೆ.