ಸೋರುವ ಹಾಸ್ಟೆಲ್ ಮತ್ತು ಮಗಳ ಓದು



ಹನೂರಿನ ಕಡೆಯ ತಾಯಿಯೊಬ್ಬರು ಕಳೆದ ಮಳೆಗಾಲದಲ್ಲಿ ನನ್ನ ಬಳಿ ಬಂದಿದ್ದರು. ಅವರ ಮಗಳು ಕೊಳ್ಳೇಗಾಲದಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ. "ಆಪಾ, ಹಾಸ್ಟೆಲ್ ಸೋರ್ತದೆ. ಮನೆಗೆ ಕರ್ಕೊಂಡು ಬಾ ಅಂತಾರೆ ಇವಳ ಅಬ್ಬಾ" ಎಂದರು. ಮಗಳು ಏನನ್ನುತ್ತಾಳೆಂದು ಕೇಳಿದೆ. "ಗೆಳತಿಯರೆಲ್ಲ ಸರದಿ ಮೇಲೆ ಎದ್ದು ಬಕೆಟ್ ನೀರು ಚೆಲ್ತಾರಂತೆ. ದಮ್ಮಯ್ಯ, ಹಾಸ್ಟೆಲ್ ಬಿಡಿಸಬೇಡಿ ಅಂತಾಳೆ."

ಆ ಹುಡುಗಿಯ ಹಠ ನನಗೆ ಅರ್ಥವಾಯಿತು. ಹನೂರಿನಿಂದ ಕೊಳ್ಳೇಗಾಲಕ್ಕೆ ಸುಮಾರು 25 ಕಿಲೋಮೀಟರ್. ಹಳ್ಳಿ ಅದಕ್ಕೂ ಆಚೆ ಇದ್ದರೆ? ಯಳಂದೂರಿನ ಒಳಹಳ್ಳಿಗಳ ಹುಡುಗಿಯರ ಪಾಡೂ ಇದೇ. ಸಂಜೆಯ ಬಸ್ಸು ಎರಡು ದಿನ ತಪ್ಪಿದರೆ ಸಾಕು, "ಓದಿದ್ದು ಸಾಕು" ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ.

ಹಳೆಯ ಹಾಸ್ಟೆಲಿಗಾಗಿ ಇಂಥದೇ ಹಠ ಹಿಡಿದವರು ಜಪಾನಿನಲ್ಲೂ ಇದ್ದಾರೆ. ಕ್ಯೋಟೋ ವಿಶ್ವವಿದ್ಯಾನಿಲಯದ ಯೋಶಿದಾ ಹಾಸ್ಟೆಲ್ 1913ರಲ್ಲಿ ಕಟ್ಟಿದ ಮರದ ಕಟ್ಟಡ. ನೆಲ ಕಿರುಗುಟ್ಟುತ್ತಿತ್ತು, ಓಣಿಯ ತುಂಬ ಹಳೆಯ ಸಾಮಾನು ಇತ್ತು. ಅಲ್ಲಿನ ವಿದ್ಯಾರ್ಥಿಗಳು ಕೋಳಿಯನ್ನೂ ಸಾಕಿದ್ದರು! ನೋಡಿದವರಿಗೆ ವಿಚಿತ್ರವೆನಿಸಿದರೂ, ಬಾಡಿಗೆ ಕಡಿಮೆಯಾದ್ದರಿಂದ ಬಡ ಮಕ್ಕಳಿಗೆ ಅದೇ ಆಸರೆಯಾಗಿತ್ತು. ಆಡಳಿತವನ್ನೂ ವಿದ್ಯಾರ್ಥಿಗಳೇ ಸಭೆ ಸೇರಿ ನಡೆಸುತ್ತಿದ್ದರು.

ಭೂಕಂಪವಾದರೆ ಅಪಾಯವೆಂದು 2017ರಲ್ಲಿ ವಿಶ್ವವಿದ್ಯಾನಿಲಯ ತೆರವಿಗೆ ಹೇಳಿತು. "ಕಟ್ಟಡವನ್ನು ಭದ್ರಪಡಿಸಿ, ನಮ್ಮೊಂದಿಗೆ ಮಾತನಾಡಿ" ಎಂಬುದು ವಿದ್ಯಾರ್ಥಿಗಳ ಬೇಡಿಕೆ. 2019ರಲ್ಲಿ ವಿಷಯ ಕೋರ್ಟಿಗೆ ಹೋಯಿತು. 2024ರ ತೀರ್ಪು ಬಹುಮಟ್ಟಿಗೆ ವಿದ್ಯಾರ್ಥಿಗಳ ಪರವಾಗಿತ್ತು. ಕೊನೆಗೆ 2025ರ ಆಗಸ್ಟ್‌ನಲ್ಲಿ ರಾಜಿಯಾಯಿತು. 2026ರ ಮಾರ್ಚ್ ಅಂತ್ಯದೊಳಗೆ ವಿದ್ಯಾರ್ಥಿಗಳು ಕಟ್ಟಡ ಬಿಡಬೇಕು, ಕಾಮಗಾರಿ ಮುಗಿದ ಮೇಲೆ ಮರಳಬಹುದು ಎಂಬುದು ಒಪ್ಪಂದ.

ಈ ರಾಜಿಯಲ್ಲಿ ನಮಗೊಂದು ಪಾಠವಿದೆ. ಅಪಾಯವೆಂಬುದು ಸುಳ್ಳಲ್ಲ. 2012ರಲ್ಲಿ ನಮ್ಮ ಮೈಸೂರಿನಲ್ಲೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಆದ್ದರಿಂದ ಸೋರುವ ಸೂರನ್ನು "ಹೇಗೋ ನಡೆಯುತ್ತದೆ" ಎಂದು ಬಿಡಬಾರದು. ಹಾಗೆಂದು ಸೂರಿನ ತಪ್ಪಿಗೆ ಮಗಳ ಓದನ್ನು ನಿಲ್ಲಿಸುವುದು ಯಾವ ನ್ಯಾಯ?

ಆ ತಾಯಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೊದಲು ನಾಲ್ಕು ತಾಯಂದಿರು ಒಟ್ಟಾಗಿ ಹಾಸ್ಟೆಲಿಗೆ ಹೋಗಿ ಕಣ್ಣಾರೆ ನೋಡಿ. ವಾರ್ಡನ್‌ಗೂ ಮೇಲಿನವರಿಗೂ ಅರ್ಜಿ ಬರೆದು ಕೊಟ್ಟು, ಪ್ರತಿಯ ಮೇಲೆ ಸಹಿ, ಮೊಹರು ಹಾಕಿಸಿಕೊಳ್ಳಿ. ಇಂಜಿನಿಯರ್ ಬಂದು ಕಟ್ಟಡ ನೋಡಲೆಂದು ಕೇಳಿ. ಖಾಲಿ ಮಾಡಲೇಬೇಕಾದರೆ, ಮಕ್ಕಳು ಅಲ್ಲಿಯವರೆಗೆ ಎಲ್ಲಿರಬೇಕು, ಯಾವಾಗ ಮರಳಬೇಕು ಎಂಬುದನ್ನು ಬರಹದಲ್ಲಿ ಪಡೆಯಿರಿ.

ಮನೆಯ ಹೆಂಚು ಒಡೆದರೆ ಹೆಂಚು ಬದಲಿಸುತ್ತೇವೆಯೇ ಹೊರತು ಮಕ್ಕಳನ್ನು ಹೊರಗೆ ಹಾಕುವುದಿಲ್ಲ. ಆ ಹುಡುಗಿಯರು ರಾತ್ರಿಯೆದ್ದು ಬಕೆಟ್ ನೀರು ಚೆಲ್ಲುತ್ತಿದ್ದಾರೆ. ಹಗಲು ಹೊತ್ತು ಒಂದು ಅರ್ಜಿ ಹಿಡಿದು ಹೋಗಲು ನಮ್ಮಿಂದಾಗದೇ?